ಅಮಿಗಾ ಸ್ಯಾಂಪಲ್‌ಗಳ ಜತೆ ಕೂತು ಕಲಿತದ್ದು

ಕೊಮೊಡೋರ್ ಅಮಿಗಾ ಕಂಪ್ಯೂಟರಿಗೆಂದು 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬ ಸಂಗೀತ ತಂತ್ರಾಂಶ ಬರೆದರು. ಅದರ ಜತೆಗೇ ಎಸ್‌ಟಿ-01 ಎಂಬ ಸ್ಯಾಂಪಲ್ ಡಿಸ್ಕ್ ಬಂತು. ಆಮೇಲೆ ಬಳಕೆದಾರರೇ ಎಸ್‌ಟಿ-02ರಿಂದ ಮುಂದಕ್ಕೆ ಸಾಲು ಬೆಳೆಸಿದರು. ಆ ಸಂಗ್ರಹವನ್ನು ಜೋಡಿಸುತ್ತ, ಅದರಲ್ಲೇ ಸಂಗೀತ ಕಟ್ಟುತ್ತ ನನಗೆ ಗಟ್ಟಿಯಾದ ವಿಷಯ ಒಂದೇ: ಸ್ಯಾಂಪಲ್ ಎಂದರೆ ಬರೀ ದನಿಯಲ್ಲ, ಅದರ ಹೆಸರು, ವೇಗ, ಲೂಪ್ ಎಲ್ಲ ಸೇರಿ ಒಂದು ಸ್ಯಾಂಪಲ್.

1. ಮೊದಲು ಡಿಸ್ಕ್ ಉಳಿಸಿಕೊಳ್ಳಿ, ಕೇಳುವುದು ಆಮೇಲೆ. ಪಿಸಿಯ ಮಾಮೂಲಿ ಫ್ಲಾಪಿ ಕಂಟ್ರೋಲರ್‌ಗೆ ಅಮಿಗಾ ಡಿಸ್ಕ್ ಓದಲು ಬರುವುದಿಲ್ಲ. ಗ್ರೀಸ್‌ವೀಸಲ್‌ನಂಥ ಸಣ್ಣ ಬೋರ್ಡ್ ಬೇಕು. ಒಂದು ಡಿಸ್ಕಿನ ಪೂರ್ತಿ ನಕಲಾದ ಎಡಿಎಫ್ ಫೈಲ್ 9,01,120 ಬೈಟ್ ಇರುತ್ತದೆ. ಗಾತ್ರ ಸರಿಯಿದೆ ಎಂದು ನಂಬಿ ಕೂರಬೇಡಿ, ಓದುವಾಗ ಯಾವ ಟ್ರ್ಯಾಕ್ ತಕರಾರು ಮಾಡಿತು ಎಂಬುದನ್ನೂ ಬರೆದಿಡಿ.

2. ಹೆಸರು ತಿದ್ದಬೇಡಿ. ಆರಂಭದ ಹಾಡಿನ ಫೈಲುಗಳಲ್ಲಿ ಸ್ವರಗಳ ಪಟ್ಟಿ ಮಾತ್ರ ಇರುತ್ತಿತ್ತು, ದನಿ ಇರುತ್ತಿರಲಿಲ್ಲ. ‘ಎಸ್‌ಟಿ-01’ ಎಂದು ಡಿಸ್ಕಿನ ಹೆಸರು ಹಾಕಿ, ಮುಂದೆ ಸ್ಯಾಂಪಲ್‌ನ ಹೆಸರು; ತಂತ್ರಾಂಶ ಆ ಡಿಸ್ಕ್ ಕೇಳಿ ದನಿ ತುಂಬಿಕೊಳ್ಳುತ್ತಿತ್ತು. ದನಿಯನ್ನೂ ಒಳಗಿಟ್ಟುಕೊಂಡ, ಮಾಡ್ಯೂಲ್ ಎಂಬ ಹಾಡಿನ ಫೈಲುಗಳಲ್ಲೂ ಎಷ್ಟೋ ಕಡೆ ಆ ಹೆಸರುಗಳು ಹಾಗೇ ಉಳಿದಿವೆ. ಅಂದವಾಗಲಿ ಎಂದು ಫೋಲ್ಡರ್ ಮಾಡಿ ‘ಬೇಸ್ 3’, ‘ಬೇಸ್ 4’ ಎಂದು ಬದಲಿಸಿದರೆ ಹಾಡಿಗೂ ದನಿಗೂ ಇದ್ದ ನಂಟು ಹರಿದಂತೆ. ಇಂಥ ಸಂಗ್ರಹಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

3. ಕಚ್ಚಾ ಫೈಲಿನಲ್ಲಿ ವೇಗದ ಗುರುತಿಲ್ಲ. ಇಂದಿನ ಆಡಿಯೋ ತಂತ್ರಾಂಶದಲ್ಲಿ ತೆರೆದಾಗ ಬರೀ ಕರ್ಕಶ ಸದ್ದು ಬಂದರೆ ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ. 8 ಬಿಟ್, ‘ಸೈನ್ಡ್’, ಮೋನೋ ಎಂದು ಹೇಳಿ ತೆರೆಯಿರಿ. ಸರಿಯಾದ ವೇಗ ಗೊತ್ತಾದ ಮೇಲೆ 8ಎಸ್‌ವಿಎಕ್ಸ್ ರೂಪದ ಪ್ರತಿಯೊಂದನ್ನು ಮಾಡಿಡಿ. ಅದರ ತಲೆಬರಹದಲ್ಲಿ ವೇಗಕ್ಕೂ ಲೂಪಿಗೂ ಜಾಗವಿದೆ.

4. ಮೊದಲ ಎರಡು ಬೈಟ್ ಸೊನ್ನೆ ಇರಲಿ. ಅಮಿಗಾದ ಪೌಲಾ ಚಿಪ್ ದನಿ ಮುಗಿದರೂ ಸುಮ್ಮನಾಗುವುದಿಲ್ಲ, ಏನನ್ನಾದರೂ ಸುತ್ತುತ್ತಲೇ ಇರಬೇಕು. ಹಾಗಾಗಿ ಲೂಪ್ ಇಲ್ಲದ ಸ್ಯಾಂಪಲ್ ಮುಗಿದಾಗ, ಸೌಂಡ್‌ಟ್ರ್ಯಾಕರ್‌ನ ಹಾದಿಯಲ್ಲೇ ಬಂದ ಪ್ರೋಟ್ರ್ಯಾಕರ್ ತಂತ್ರಾಂಶ ಆ ಮೊದಲ ಎರಡು ಬೈಟನ್ನೇ ಸುತ್ತಿಸುತ್ತದೆ. ಅಲ್ಲಿ ಬೇರೆ ಸಂಖ್ಯೆಗಳಿದ್ದರೆ ಸಣ್ಣಗೆ ಸಿಳ್ಳೆಯಂಥ ಸದ್ದು ಹಿಂದೆ ಉಳಿಯುತ್ತದೆ.

5. ಗಮಕ ಬೇಕಿದ್ದರೆ ದೊಡ್ಡ ಪೀರಿಯಡ್ ಆರಿಸಿ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ಪೌಲಾಕ್ಕೆ ಸ್ವರ ಎಂದರೆ ಪೀರಿಯಡ್ ಎಂಬ ಪೂರ್ಣಾಂಕ. ಯುರೋಪಿನ ಪಾಲ್ ಟಿವಿ ಮಾದರಿಯ ಯಂತ್ರದಲ್ಲಿ 3546895ನ್ನು ಪೀರಿಯಡ್‌ನಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಬೈಟ್ ಹೊರಡುತ್ತದೆ ಎಂದು ತಿಳಿಯುತ್ತದೆ. 428 ಎಂದರೆ ಸುಮಾರು 8287. ಅಲ್ಲಿ ಒಂದು ಅಂಕಿ ಸರಿಸಿದರೆ ಶ್ರುತಿ 4 ಸೆಂಟ್‌ನಷ್ಟು ಜರುಗುತ್ತದೆ. ಕಿವಿಗೆ ಮೆಟ್ಟಿಲು ಗೊತ್ತಾಗದು. ಮೇಲೆ 113ರ ಹತ್ತಿರ ಅದೇ ಒಂದು ಅಂಕಿ 15 ಸೆಂಟ್, ಜಾರು ಹೋಗಿ ಮೆಟ್ಟಿಲೇ ಕೇಳುತ್ತದೆ. ಆದರೆ ಪೀರಿಯಡ್ ದೊಡ್ಡದಾದಷ್ಟೂ ದನಿಯ ಹೊಳಪು ತಗ್ಗುತ್ತದೆ. ವೀಣೆಯ ಮೀಟು ಬೇಕೋ ಜಾರು ಬೇಕೋ ಎಂದು ಪ್ರತಿ ಸ್ವರಕ್ಕೂ ತೀರ್ಮಾನಿಸಬೇಕು. ನಾನು ಜಾರಿನ ಪಕ್ಷ.

ಕಂಪಿತಕ್ಕೆ ಪ್ರೋಟ್ರ್ಯಾಕರ್‌ನ 4ನೇ ಎಫೆಕ್ಟ್ ಆದ ವೈಬ್ರಾಟೊ ಸಾಲದು, ಅದರ ತೂಗಾಟ ಎರಡೂ ಕಡೆಗೆ ಒಂದೇ ಸಮ. ತೋಡಿ ರಾಗದ ಗಾಂಧಾರ ಹಾಗೆ ತೂಗುವುದಿಲ್ಲ. ಕೊಟ್ಟ ಸ್ವರದತ್ತ ಜಾರಿಸುವ 3ನೇ ಎಫೆಕ್ಟಿನಿಂದ ಸಾಲು ಸಾಲಾಗಿ ಗುರಿ ಕೊಟ್ಟು ಜಾರಿಸಿ. ಹಾಡಿನ ಮಾಮೂಲಿ ವೇಗದಲ್ಲಿ ಸಾಲಿಗೆ 6 ಟಿಕ್, ಸೆಕೆಂಡಿಗೆ 50 ಟಿಕ್. ಸಾಲಿನ ಮೊದಲ ಟಿಕ್‌ನಲ್ಲಿ ಜಾರು ನಡೆಯುವುದಿಲ್ಲ ಎಂಬುದು ಲೆಕ್ಕದಲ್ಲಿರಲಿ.

6. ಅಮಿಗಾದ ನಾಲ್ಕು ಚಾನೆಲ್‌ಗಳಲ್ಲಿ ತಂಬೂರಿಗೆ ಒಂದೇ ಸಾಕು. ನಾಲ್ಕೂ ತಂತಿ ಮೀಟುವ ಒಂದು ಸುತ್ತು 5 ಸೆಕೆಂಡ್ ಎಂದುಕೊಂಡರೆ, 428ರ ಪೀರಿಯಡ್‌ನಲ್ಲಿ ಸುಮಾರು 41,000 ಬೈಟ್ ಹಿಡಿಯುತ್ತದೆ. ಲೂಪನ್ನು ದನಿ ಆರುವ ಕಡೆ ಕತ್ತರಿಸಬೇಡಿ, ಪಂಚಮದ ಮೀಟು ಏಳುವ ಕ್ಷಣಕ್ಕೆ ಸರಿಯಾಗಿ ಕತ್ತರಿಸಿ. ಪಾಶ್ಚಾತ್ಯ ಸ್ವರಮೇಳಕ್ಕೂ ಹಳಬರ ಉಪಾಯ ಇದೇ: ಮೂರು ಸ್ವರವನ್ನು ಒಟ್ಟಿಗೆ ನುಡಿಸಿ ಒಂದೇ ಸ್ಯಾಂಪಲ್ ಮಾಡುತ್ತಿದ್ದರು.

7. ಚಾನೆಲ್ 1, 4 ಎಡಕ್ಕೆ. 2, 3 ಬಲಕ್ಕೆ. ನಡುವೆ ಏನೂ ಇಲ್ಲ. ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ತಂಬೂರಿ ಬಡಿದರೆ ಬೇಗ ದಣಿವಾಗುತ್ತದೆ, ಆದ್ದರಿಂದ ಕೊನೆಯ ಪರೀಕ್ಷೆ ಸ್ಪೀಕರಿನಲ್ಲೇ ಮಾಡಿ. ಕೇಳುವ ಮೊದಲು ಯಂತ್ರದ ಪವರ್ ದೀಪ ನೋಡಿ. ಅದು ಪೂರ್ತಿ ಬೆಳಗುತ್ತಿದ್ದರೆ ಫಿಲ್ಟರ್ ಆನ್ ಇದೆ, ಮೇಲಿನ ದನಿಯೆಲ್ಲ ಮಂಕಾಗಿ ಕೇಳುತ್ತದೆ. ಹಾಡಿನ ಮೊದಲ ಸಾಲಿನಲ್ಲಿ ಇ01 ಬರೆದು ಫಿಲ್ಟರ್ ಆಫ್ ಮಾಡಿ.