ಉಸಿರಿನ ದಾರಿಗೆ ಎಲ್ಲಿಯವರೆಗೆ ಕಾವಲು?

ವುಝೂ ಮಾಡುವಾಗ ಮೂಗಿಗೆ ನೀರೆಳೆದು ಹೊರಹಾಕುತ್ತೀರಿ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಬಂದ ದಿನ ಆ ನೀರಿನಲ್ಲಿ ಕಪ್ಪು ಕಾಣುತ್ತದೆ. ಗಾಬರಿ ಬೇಡ. ಮೂಗು ತನ್ನ ಕೆಲಸ ಮಾಡಿದೆ ಎಂದು ಅದರ ಅರ್ಥ. ಮೂಗಿನ ಕೂದಲು ಮತ್ತು ಲೋಳೆ ದಪ್ಪ ಧೂಳನ್ನು ಹಿಡಿಯುತ್ತವೆ. ಗಾಳಿ ಬೆಚ್ಚಗಾಗಿ, ತೇವಗೊಂಡು ಒಳಗೆ ಹೋಗುತ್ತದೆ. ಬಾಯಲ್ಲಿ ಉಸಿರಾಡುವವರಿಗೆ ಈ ಲಾಭವಿಲ್ಲ.

ಗಂಟಲಲ್ಲಿ ಅನ್ನಕ್ಕೂ ಗಾಳಿಗೂ ಒಂದೇ ದಾರಿ. ನುಂಗುವಾಗ ಒಂದು ಪುಟ್ಟ ಮುಚ್ಚಳ ಶ್ವಾಸನಾಳದ ಬಾಯಿಯನ್ನು ಮುಚ್ಚುತ್ತದೆ. ಕುತ್ತಿಗೆಯ ಮುಂಭಾಗ, ಧ್ವನಿಪೆಟ್ಟಿಗೆಯ ಕೆಳಗೆ ಬೆರಳಿಟ್ಟು ನೋಡಿ, ಬಳೆಗಳಂತೆ ಸಿಗುವುದೇ ಶ್ವಾಸನಾಳ. ನಮ್ಮ ಯುನಾನಿ ಗ್ರಂಥಗಳಲ್ಲಿ ಇದಕ್ಕೆ ಕಸಬತುರ್ರಿಯಾ, ಅಂದರೆ ಶ್ವಾಸಕೋಶದ ಕೊಳವೆ ಎಂದು ಹೆಸರು. ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಬಳೆಗಳು ಹಿಂದೆ ಕೂಡಿಕೊಂಡಿಲ್ಲ. ಅಲ್ಲೇ ಇರುವ ಅನ್ನನಾಳ ತುತ್ತು ಇಳಿಯುವಾಗ ಉಬ್ಬಲು ಜಾಗ ಬೇಕಲ್ಲ!

ಎದೆಯಲ್ಲಿ ಈ ಕೊಳವೆ ಎರಡಾಗುತ್ತದೆ. ಬಲ ಕವಲು ಅಗಲ, ಹೆಚ್ಚು ನೇರ. ಆದ್ದರಿಂದಲೇ ಮಗುವಿನ ಗಂಟಲಿಗಿಳಿದ ಕಡಲೆಕಾಯಿ ಬೀಜ ಹೆಚ್ಚಾಗಿ ಬಲಗಡೆಗೇ ಬೀಳುತ್ತದೆ. ಬೀಜ ತಿನ್ನುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ, ಆಮೇಲೆ ಸುಮ್ಮನಾದರೂ ಎದೆಯಲ್ಲಿ ಸುಂಯ್‌ಗುಟ್ಟುತ್ತಿದ್ದರೆ ಆಸ್ಪತ್ರೆಗೇ ಹೋಗಿ. ಎಕ್ಸ್‌ರೇಯಲ್ಲಿ ಬೀಜ ಕಾಣದೆಯೂ ಇರಬಹುದು.

ಕವಲುಗಳು ಸುಮಾರು 23 ಬಾರಿ ಒಡೆದು ಸಣ್ಣದಾಗುತ್ತಾ ಹೋಗುತ್ತವೆ. ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯನ್ನೂ ಅದಕ್ಕಂಟಿದ ಧೂಳನ್ನೂ ಮೇಲಕ್ಕೆ ಗುಡಿಸುತ್ತವೆ. ಬೀಡಿ ಸೇದುವವರಲ್ಲಿ ಈ ರೋಮಗಳೇ ಸೋತುಹೋಗುತ್ತವೆ. ಕೊನೆಯಲ್ಲಿರುವುದು ದ್ರಾಕ್ಷಿಗೊಂಚಲಿನಂತಹ ಗಾಳಿಗೂಡುಗಳು, ಕೋಟಿಗಟ್ಟಲೆ. ಅವುಗಳ ತೆಳುಗೋಡೆಯ ಮೂಲಕವೇ ರಕ್ತಕ್ಕೆ ಆಮ್ಲಜನಕ ಸೇರುತ್ತದೆ. ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಗಾಳಿ ಬೆರೆಸಿಕೊಂಡು ಎಡಭಾಗಕ್ಕೆ ಬರುತ್ತದೆಂದು 13ನೇ ಶತಮಾನದಲ್ಲೇ ಬರೆದವರು ಕೈರೋದ ಹಕೀಮ್ ಇಬ್ನುನ್ನಫೀಸ್ (ಮರಣ 1288). ಜಾಲೀನೂಸರ ಮಾತನ್ನೂ ಇಬ್ನ್ ಸೀನಾರ ಮಾತನ್ನೂ ಒಪ್ಪದೆ ಬರೆದರು ಎಂಬುದು ನನಗೆ ಬಹಳ ಇಷ್ಟ.

ಗಾಳಿಗೂಡುಗಳಲ್ಲಿ ಗುಡಿಸುವ ರೋಮಗಳಿಲ್ಲ. ಹೊಗೆಯ ಕಣಗಳು ಎಷ್ಟು ಸಣ್ಣವೆಂದರೆ ಮೂಗನ್ನೂ ರೋಮಗಳನ್ನೂ ದಾಟಿ ನೇರ ಅಲ್ಲಿಗೇ ಹೋಗುತ್ತವೆ. ವುಝೂವಿನ ನೀರು ಅಲ್ಲಿಗೆ ತಲುಪುವುದಿಲ್ಲ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೆಂಡದ ಮೇಲೆ ಲೋಬಾನ್ ಹಾಕಿ ಮಗುವನ್ನು ಹೊಗೆಯಲ್ಲಿ ಹಿಡಿಯುವ ರೂಢಿ ನಮ್ಮಲ್ಲಿದೆ. ಹಿರಿಯರ ಪ್ರೀತಿ ನಿಜ, ಆದರೆ ಇದನ್ನು ಬಿಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷಾನಿಲವೂ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ. ಸೊಳ್ಳೆಬತ್ತಿಯೂ ಬೇಡ, ಪರದೆ ಕಟ್ಟಿ. ಮನೆಯಲ್ಲಿ ಊದುಬತ್ತಿ ಹೊಸೆಯುವ ತಾಯಂದಿರೇ, ಇದ್ದಿಲ ಪುಡಿ ಕಲಸುವುದನ್ನು ಬಾಗಿಲಾಚೆ, ಮೂಗು ಬಾಯಿ ಮುಚ್ಚಿಕೊಂಡು ಮಾಡಿ. ಮಗು ಪಕ್ಕದಲ್ಲಿ ಮಲಗಿರಬಾರದು.

ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ ವಪೆ. ಯುನಾನಿಯಲ್ಲಿ ಇದನ್ನು ಹಿಜಾಬ್ ಎಂದೇ ಕರೆಯುತ್ತೇವೆ. ಅದು ಕೆಳಗಿಳಿದಾಗ ಗಾಳಿ ಒಳಬರುತ್ತದೆ, ಶಿಶುವಿನ ಹೊಟ್ಟೆ ಉಬ್ಬುತ್ತದೆ. ಕೆಮ್ಮು ಬಂದ ಮಗು ಶಾಂತವಾಗಿದ್ದಾಗ ಹೊಟ್ಟೆ ನೋಡಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಅದು ನ್ಯುಮೋನಿಯಾ ಇರಬಹುದು. ಜೋಶಾಂದ ಕುದಿಸುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.