ಹಳೆಯ ಚೇತಕ್ ಬಿಸಿಯಾಗದಿರಲು

1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರನ್ನು ನಮ್ಮ ಅಬ್ಬಾ ಇಂದಿಗೂ ಓಡಿಸುತ್ತಾರೆ. ಅದರ ಟೂ ಸ್ಟ್ರೋಕ್ ಇಂಜಿನ್‌ಗೆ ರೇಡಿಯೇಟರ್ ಇಲ್ಲ. ಫ್ಲೈವೀಲ್‌ನ ಫ್ಯಾನ್ ಬೀಸುವ ಗಾಳಿಯನ್ನು ಒಂದು ಕವಚವು ಸಿಲಿಂಡರಿನ ಫಿನ್‌ಗಳ ಮೇಲೆ ಹರಿಸುತ್ತದೆ. ಆದ್ದರಿಂದ ನೆನಪಿಡಿ:

1. ಕವಚ ಬಿಚ್ಚಿ ಓಡಿಸಬಾರದು. ಗಾಳಿ ಫಿನ್‌ಗಳನ್ನು ಮುಟ್ಟದೆ ಹೊರಗೆ ಹೋಗುತ್ತದೆ.

2. ಫಿನ್‌ಗಳ ನಡುವಿನ ಎಣ್ಣೆ ಧೂಳನ್ನು ಇಂಜಿನ್ ತಣ್ಣಗಿರುವಾಗ ತೆಗೆಯಬೇಕು.

3. ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು.

4. ಸ್ಪಾರ್ಕ್ ಪ್ಲಗ್‌ನ ತುದಿ ಕಂದು ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ ಕಡಿಮೆಯಾದರೆ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತು ಸ್ಕೂಟರ್ ಜಾರುತ್ತದೆ. ಹಾಗಾದರೆ ತಕ್ಷಣ ಕ್ಲಚ್ ಹಿಡಿಯಿರಿ. ಕಾಮರ್ಸ್ ಲೆಕ್ಕದಲ್ಲಿ ಆಯಿಲ್ ಸಣ್ಣ ಖರ್ಚು, ಅದನ್ನು ಉಳಿಸುವುದು ದೊಡ್ಡ ನಷ್ಟ.