ಮಳೆ, ಬಿಸಿಲು ಮತ್ತು ಸೊಳ್ಳೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ಯರಗುಪ್ಪಿ ಎಂಬ ಗ್ರಾಮವಿದೆ. ಅದರ ಸುತ್ತಲಿನದು ಎರೆಭೂಮಿಯ ಸೀಮೆ. ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆ ಈ ಸೀಮೆಯ ಬೆಳೆಗಳು. ಇಲ್ಲಿಯ ರೈತರು ತಲೆತಲಾಂತರದಿಂದ ಮಳೆಯ ನಕ್ಷತ್ರಗಳನ್ನು ಎಣಿಸಿಕೊಂಡು ಬಾಳಿದವರು. ಮೃಗಶಿರೆಯಲ್ಲಿ ಮುಂಗಾರಿನ ಬಿತ್ತನೆಗೆ ಸಿದ್ಧತೆ, ಉತ್ತರೆ ಹಸ್ತೆಗಳಲ್ಲಿ ಹಿಂಗಾರಿನ ಬಿತ್ತನೆ ಎಂಬುದು ಅವರ ಲೆಕ್ಕ. ಈಚಿನ ವರ್ಷಗಳಲ್ಲಿ ಈ ಲೆಕ್ಕ ತಪ್ಪತೊಡಗಿದೆ. ಬರಬೇಕಾದಾಗ ಮಳೆ ಬರುವುದಿಲ್ಲ. ಬಂದರೆ ಒಂದು ತಿಂಗಳಲ್ಲಿ ಸುರಿಯಬೇಕಾದುದು ಒಂದೆರಡು ದಿನಗಳಲ್ಲೇ ಸುರಿದುಹೋಗುತ್ತದೆ. ಮಳೆಯ ಲೆಕ್ಕ ತಪ್ಪಿದರೆ ಬೆಳೆ ಕೆಡುವುದೆಂಬುದನ್ನು ಎಲ್ಲರೂ ಬಲ್ಲರು. ಅದರೊಡನೆ ಮನೆಮಂದಿಯ ಆರೋಗ್ಯವೂ ಕೆಡಬಹುದೆಂಬುದನ್ನು ಬಲ್ಲವರು ಕಡಿಮೆ. ಇವೆರಡರ ನಡುವಿನ ಕೊಂಡಿಯೇ ಸೊಳ್ಳೆಯೆಂಬ ಅಲ್ಪ ಕೀಟ.

ಸೊಳ್ಳೆಯು ತಾನಾಗಿ ರೋಗವನ್ನು ಹುಟ್ಟಿಸುವುದಿಲ್ಲ. ರೋಗಿಯ ರಕ್ತದೊಡನೆ ರೋಗಾಣುವನ್ನು ಹೀರಿ, ಅದನ್ನು ಇನ್ನೊಬ್ಬರ ದೇಹಕ್ಕೆ ದಾಟಿಸುತ್ತದೆ. ಈ ಸತ್ಯವನ್ನು ಮಲೇರಿಯಾದ ವಿಷಯದಲ್ಲಿ ಬೆಳಕಿಗೆ ತಂದವರು ರೊನಾಲ್ಡ್ ರಾಸ್. ಅವರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರಲು, ಅವರು ಅದರ ಮೂಲವನ್ನು ಹುಡುಕಿದರು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳು ತುಂಬಿದ್ದವು. ಪೀಪಾಯಿಯನ್ನು ಬರಿದು ಮಾಡಿದ ಮೇಲೆ ಕಾಟ ಇಳಿಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೂ ತಿಳಿದಿರಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಅವರು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಸೊಳ್ಳೆಗಳಲ್ಲಿ ಹಲವು ಜಾತಿಗಳುಂಟು. ಅನಾಫಿಲಿಸ್ ಸೊಳ್ಳೆ ಹಳ್ಳ, ಬಾವಿ, ಕಾಲುವೆಗಳ ತಿಳಿನೀರಿನಲ್ಲಿ ಬೆಳೆದು ಮಲೇರಿಯಾವನ್ನು ಹರಡುತ್ತದೆ. ಕ್ಯೂಲೆಕ್ಸ್ ಜಾತಿಯವು ಚರಂಡಿಯ ಕೊಳಕು ನೀರಿನಲ್ಲಿಯೂ ಭತ್ತದ ಗದ್ದೆಗಳಲ್ಲಿಯೂ ಬೆಳೆದು ಆನೆಕಾಲು ರೋಗವನ್ನೂ ಮಿದುಳು ಜ್ವರವನ್ನೂ ಹರಡುತ್ತವೆ. ಈಡಿಸ್ ಸೊಳ್ಳೆಯ ನೆಲೆ ನಮ್ಮ ಮನೆಯೇ. ತೊಟ್ಟಿ, ಹರವಿ, ಡ್ರಮ್ಮು, ಒಡೆದ ಗಡಿಗೆ, ಹಳೆಯ ಟಾಯರು, ಇವುಗಳಲ್ಲಿ ನಿಂತ ನೀರು ಅದಕ್ಕೆ ಸಾಕು. ಹಗಲಿನಲ್ಲಿ ಕಚ್ಚುವ ಈ ಸೊಳ್ಳೆಯೇ ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾ ಜ್ವರಗಳ ವಾಹಕ.

ಇನ್ನು ಬಿಸಿಲಿನ ಪಾತ್ರವನ್ನು ನೋಡೋಣ. ಸೊಳ್ಳೆಯ ಮೈಯ ಉಷ್ಣತೆ ಸುತ್ತಲಿನ ಗಾಳಿಯ ಉಷ್ಣತೆಯನ್ನು ಅನುಸರಿಸುತ್ತದೆ. ಅದು ಹೀರಿದ ರೋಗಾಣು ಅದರ ಒಡಲಲ್ಲಿ ಬಲಿಯುವುದಕ್ಕೆ ಕೆಲವು ದಿನಗಳು ಬೇಕು. ಮಾರಕವಾದ ಒಂದು ಬಗೆಯ ಮಲೇರಿಯಾದ ರೋಗಾಣುವಿಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರಗಳು ಬೇಕು. 25 ಡಿಗ್ರಿಯಲ್ಲಿ ಸುಮಾರು ಹನ್ನೆರಡು ದಿನಗಳು ಸಾಕು. ಸೊಳ್ಳೆಯ ಆಯುಷ್ಯವೋ ಕೆಲವೇ ವಾರಗಳದು. ಆದ್ದರಿಂದ ತಂಪಾದ ಹವೆಯಲ್ಲಿ ರೋಗಾಣು ಬಲಿಯುವ ಮೊದಲೇ ಹೆಚ್ಚಿನ ಸೊಳ್ಳೆಗಳು ಸಾಯುತ್ತವೆ. ಹೀಗೆ ಚಳಿಯೆಂಬುದು ಪ್ರಕೃತಿಯು ನಮ್ಮ ಸುತ್ತ ಕಟ್ಟಿದ ಬೇಲಿಯಾಗಿದೆ. ಹವೆ ಬೆಚ್ಚಗಾದಂತೆ ಆ ಬೇಲಿ ಸಡಿಲಗೊಳ್ಳುತ್ತದೆ. ಬಿಸಿಲು ಅತಿಯಾದರೆ ಸೊಳ್ಳೆಯೂ ಬಾಳಲಾರದೆಂಬುದು ನಿಜ. ಆದರೆ ಮನೆಯೊಳಗಿನ ತಂಪಾದ ಮೂಲೆ ಮತ್ತು ನೀರಿನ ಹರವಿಯ ನೆರಳು ಈಡಿಸ್ ಸೊಳ್ಳೆಗೆ ಆಶ್ರಯ ಕೊಡುತ್ತವೆ.

ಕಲ್ಲಿದ್ದಲು, ಪೆಟ್ರೋಲ್ ಮುಂತಾದ ಇಂಧನಗಳನ್ನು ಮಾನವನು ಎಣೆಯಿಲ್ಲದೆ ಉರಿಸಿದುದರಿಂದ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ, ಭೂಮಿಯ ಸರಾಸರಿ ಉಷ್ಣತೆ ಹತ್ತೊಂಬತ್ತನೆಯ ಶತಮಾನದಲ್ಲಿದ್ದುದಕ್ಕಿಂತ ಒಂದು ಡಿಗ್ರಿಗೂ ಮಿಕ್ಕಿ ಏರಿದೆ. ಒಂದು ಡಿಗ್ರಿ ಅಲ್ಪವೆಂದು ತೋರಬಹುದು. ಸೊಳ್ಳೆಯ ಲೆಕ್ಕದಲ್ಲಿ ಅದು ಅಲ್ಪವಲ್ಲ. ನೇಪಾಳದ ಕಠ್ಮಂಡು ಕಣಿವೆ ಸಮುದ್ರಮಟ್ಟದಿಂದ 1,300 ಮೀಟರುಗಳಿಗೂ ಎತ್ತರದಲ್ಲಿದೆ. 2004ಕ್ಕೆ ಮೊದಲು ಡೆಂಗ್ಯೂ ದಾಖಲಾಗದಿದ್ದ ಆ ದೇಶದಲ್ಲಿ, 2019 ಮತ್ತು 2022ರಲ್ಲಿ ಆ ಕಣಿವೆಯನ್ನೂ ಒಳಗೊಂಡು ದೊಡ್ಡ ಪಿಡುಗುಗಳು ಹಬ್ಬಿದವು.

ಮಳೆಯ ಪಾತ್ರ ಇನ್ನೂ ವಿಚಿತ್ರವಾದುದು. ಅತಿವೃಷ್ಟಿಯೂ ಅನಾವೃಷ್ಟಿಯೂ ಸೊಳ್ಳೆಗೆ ಅನುಕೂಲವಾಗಬಲ್ಲವು. 2019ರ ಆಗಸ್ಟ್ ತಿಂಗಳಿನ ಮಹಾಮಳೆಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹರಿದು ಧಾರವಾಡ ಜಿಲ್ಲೆಯ ಹೊಲಗಳನ್ನು ಮುಳುಗಿಸಿದವು. ಎರೆಮಣ್ಣು ಒಮ್ಮೆ ನೆನೆದ ಮೇಲೆ ನೀರನ್ನು ಬೇಗ ಇಂಗಿಸಿಕೊಳ್ಳದು. ಹೀಗಾಗಿ ನೆರೆ ಇಳಿದ ಮೇಲೂ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಮೊಟ್ಟೆಯು ಸೊಳ್ಳೆಯಾಗುವುದಕ್ಕೆ ಏಳರಿಂದ ಹತ್ತು ದಿನ ನಿಂತ ನೀರು ಸಾಕು. 2023ರಲ್ಲಿ ಇದಕ್ಕೆ ವಿರುದ್ಧವಾಗಿ ಮಳೆ ಕೈಕೊಟ್ಟು, ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬರಗಾಲದಲ್ಲಿ ಸೊಳ್ಳೆ ಇರಲಾರದೆಂದು ಭಾವಿಸುವುದು ತಪ್ಪು. ನಲ್ಲಿಯ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಜನರು ಇದ್ದಬದ್ದ ಪಾತ್ರೆಗಳಲ್ಲೆಲ್ಲ ನೀರು ತುಂಬಿಡುತ್ತಾರೆ. ಹೊರಗೆ ಕೆರೆ ಬತ್ತಿದರೂ ಒಳಗೆ ಈಡಿಸ್ ಸೊಳ್ಳೆಗೆ ಕೆರೆ ಸಿದ್ಧವಾಗುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಗುಲಿದೊಡನೆ ಒಡೆದು ಮರಿಗಳಾಗುತ್ತವೆ.

ಹೀಗೆ ಹರಡಿದ ಜ್ವರದ ನೋವನ್ನು ಕರ್ನಾಟಕವು 2006ರಲ್ಲಿ ಕಂಡಿತು. ಆ ವರ್ಷ ಭಾರತದಲ್ಲಿ ಚಿಕೂನ್‌ಗುನ್ಯಾ ಶಂಕಿತರ ಸಂಖ್ಯೆ ಹದಿಮೂರು ಲಕ್ಷವನ್ನು ಮೀರಿತು. ಅವರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಕರ್ನಾಟಕದವರು. ಕೀಲುಗಳ ನೋವಿನಿಂದ ಬಗ್ಗಿಹೋದ ರೋಗಿಗಳು ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾರದಾದರು. ದಿನಗೂಲಿಯನ್ನು ನಂಬಿದ ಮನೆಗಳಿಗೆ ಅದು ಜ್ವರವೂ ಹೌದು, ಬರವೂ ಹೌದು. ಮರುವರ್ಷ ಭಾರತದಿಂದ ಹೋದ ಒಬ್ಬ ಪ್ರಯಾಣಿಕನೊಡನೆ ಈ ರೋಗವು ಇಟಲಿಯನ್ನು ತಲುಪಿ, ಅಲ್ಲಿಯ ಸೊಳ್ಳೆಗಳ ಮೂಲಕ ಹಳ್ಳಿಗರಿಗೆ ಹರಡಿತು. ರೋಗಗಳ ಪ್ರಸಾರಕ್ಕೆ ಹವೆಯೊಂದೇ ಕಾರಣವಲ್ಲ. ಜನರ ಓಡಾಟ, ಯೋಜನೆಯಿಲ್ಲದೆ ಬೆಳೆದ ಪಟ್ಟಣಗಳು, ನೀರಿನ ಅಭಾವ ಇವೂ ಕಾರಣಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ನಾವು ನಿರುಪಾಯರೇ? ಅಲ್ಲವೆಂದು ನಮ್ಮ ಜಿಲ್ಲೆಯ ಇತಿಹಾಸವೇ ಹೇಳುತ್ತದೆ. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಚಳಿಜ್ವರದ ಬಾಧೆ ತೀವ್ರವಾಗಿತ್ತು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಈ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಜ್ವರ ಗಣನೀಯವಾಗಿ ಇಳಿಯಿತು. ಇಂತಹ ಅನುಭವಗಳ ಬಲದಿಂದಲೇ ಭಾರತ ಸರಕಾರವು 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 1947ರಲ್ಲಿ ದೇಶದಲ್ಲಿ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗುಲಿತ್ತೆಂದು ಅಂದಾಜು. 1965ರ ಹೊತ್ತಿಗೆ ಆ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು.

ಗೆದ್ದೆವೆಂದು ಜನರು ಮೈಮರೆತರು. ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದವು; ಕೆಲಸದಲ್ಲಿ ಸಡಿಲತೆ ತಲೆದೋರಿತು. 1976ರಲ್ಲಿ ರೋಗಿಗಳ ಸಂಖ್ಯೆ ಅರವತ್ತನಾಲ್ಕು ಲಕ್ಷಕ್ಕೆ ಏರಿತು. ಔಷಧವೊಂದನ್ನೇ ನಂಬಿ ಎಚ್ಚರವನ್ನು ಬಿಟ್ಟರೆ ಹಗೆ ಮರಳಿ ಬರುವುದೆಂಬ ಪಾಠವನ್ನು ಆ ವರ್ಷ ಕಲಿಸಿತು. ಹವೆಯೇ ಸೊಳ್ಳೆಯ ಪಕ್ಷ ವಹಿಸಿರುವಾಗ ಆ ಎಚ್ಚರ ಇಮ್ಮಡಿಯಾಗಬೇಕು. 2024ರಲ್ಲಿ ಕರ್ನಾಟಕದಲ್ಲಿ 30,000ಕ್ಕೂ ಹೆಚ್ಚು ಡೆಂಗ್ಯೂ ಪ್ರಕರಣಗಳು ಕಂಡುಬಂದು, ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ನಿಂತ ನೀರನ್ನು ಚೆಲ್ಲಿರಿ ಎಂದು ಹೇಳುವುದು ಸುಲಭ. ಆದರೆ ಬಿಸಿಲಿನಲ್ಲಿ ಕೊಡ ಹೊತ್ತು ನೀರು ತಂದ ತಾಯಿಗೆ ಆ ಮಾತು ಒಪ್ಪಿಗೆಯಾದೀತೆ? ನೀರು ವಿರಳವಾದ ಊರಿನಲ್ಲಿ ಉಪಾಯವೂ ಅದಕ್ಕೆ ತಕ್ಕಂತೆ ಇರಬೇಕು. ತುಂಬಿದ ಪಾತ್ರೆಯ ಬಾಯಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು. ವಾರಕ್ಕೊಂದು ದಿನ ತೊಟ್ಟಿಯ ನೀರು ತಳ ಸೇರಿದಾಗ, ಉಳಿದುದನ್ನು ಗಿಡಗಳ ಬುಡಕ್ಕೆ ಹಾಕಿ, ಒಳಗೋಡೆಯನ್ನು ಚೆನ್ನಾಗಿ ತಿಕ್ಕಿ, ಒಣಗಿಸಿ, ಮತ್ತೆ ತುಂಬಬೇಕು. ತಿಕ್ಕದೆ ಬಿಟ್ಟರೆ ಅಂಟಿದ ಮೊಟ್ಟೆಗಳು ಉಳಿಯುತ್ತವೆ. ಬರಿದು ಮಾಡಲಾಗದ ಬಾವಿ, ದೊಡ್ಡ ತೊಟ್ಟಿಗಳಲ್ಲಿ ಆರೋಗ್ಯ ಇಲಾಖೆಯವರ ಸಲಹೆಯಂತೆ ಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ತೊಟ್ಟಿಯನ್ನು ನೋಡಿದರೆ ಬೇಸರಿಸಬಾರದು. ಜ್ವರ ಬಂದಾಗ ತಾವೇ ಔಷಧ ನುಂಗದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಬೇಕು.

ಭೂಮಿಯ ಉಷ್ಣತೆಯನ್ನು ತಗ್ಗಿಸುವುದು ಒಂದು ಊರಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಎಲ್ಲ ರಾಷ್ಟ್ರಗಳೂ ಕೈಗೂಡಿಸಬೇಕು. ಮಳೆಯನ್ನು ತರಿಸುವುದೂ ತಡೆಯುವುದೂ ನಮ್ಮ ಕೈಯಲ್ಲಿಲ್ಲ. ಆದರೆ ಸೊಳ್ಳೆಗೆ ಬೇಕಾದುದು ಏಳೆಂಟು ದಿನ ಯಾರೂ ಮುಟ್ಟದ ನೀರು. ಏಳು ದಿನಕ್ಕೊಮ್ಮೆ ಆ ನೀರನ್ನು ಮುಟ್ಟುವ ಕೈ ಇದ್ದ ಮನೆಯಲ್ಲಿ ಅದು ಬೆಳೆಯಲಾರದು. ಬೆಂಗಳೂರಿನ ಬಂಗಲೆಯಲ್ಲಿ ಪೀಪಾಯಿಯನ್ನು ಬರಿದು ಮಾಡಿಸಿದ ವೈದ್ಯರು ಕಂಡುಕೊಂಡುದು ಇದನ್ನೇ. ಆ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ; ತಪ್ಪದೆ ಮಾಡುವ ಮನಸ್ಸು ಬೇಕು.

ಅಭ್ಯಾಸ

1. ಚಳಿಯನ್ನು ಪ್ರಕೃತಿಯ ಬೇಲಿಯೆಂದು ಏಕೆ ಕರೆಯಲಾಗಿದೆ?
2. ಬರಗಾಲದಲ್ಲಿಯೂ ಸೊಳ್ಳೆಗಳು ಹೆಚ್ಚಲು ಕಾರಣವೇನು?
3. 1976ನೆಯ ವರ್ಷವು ಕಲಿಸಿದ ಪಾಠ ಯಾವುದು? ವಿವರಿಸಿರಿ.
4. ನಿಮ್ಮ ಮನೆಯಲ್ಲಿ ನೀರು ನಿಲ್ಲುವ ಸ್ಥಳಗಳನ್ನು ಪಟ್ಟಿ ಮಾಡಿ, ವಾರಕ್ಕೊಮ್ಮೆ ಪರೀಕ್ಷಿಸಿ ಬರೆದಿಡಿರಿ.